ರಿಫ್ರೆಶ್ ಆದರೂ ಹೊಸ ಲಾಟ್ ಕಾಣುವುದಿಲ್ಲ

ಪ್ರಶ್ನೆ: ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಮಾಹಿತಿಯನ್ನು ಟೇಬಲ್‌ಗಳಲ್ಲಿ ಇಡುವ ಮೈಕ್ರೋಸಾಫ್ಟ್ ಆಕ್ಸೆಸ್ ಪ್ರೋಗ್ರಾಮಿನಲ್ಲಿ ನಾನೇ ಒಂದು ಫಾರ್ಮ್ (ಮಾಹಿತಿ ತುಂಬುವ, ನೋಡುವ ಪರದೆ) ಮಾಡಿಕೊಂಡಿದ್ದೇನೆ. ತೂಕದ ಹತ್ತಿರ ಕೂತ ಹುಡುಗ ತನ್ನ ಕಂಪ್ಯೂಟರಿನಲ್ಲಿ ಲಾಟ್ (ಮಾರಾಟಕ್ಕೆ ಬಂದ ಅಡಿಕೆಯ ಒಂದು ಕಂತು) ಹಾಕಿದರೆ ಆಫೀಸಿನಲ್ಲಿ ನನ್ನ ಪರದೆಗೆ ತಾನಾಗಿ ಬರಬೇಕು. ಇಷ್ಟಿಷ್ಟು ಹೊತ್ತಿಗೊಮ್ಮೆ ಕೋಡ್ ಓಡಿಸುವ ಟೈಮರ್ ಇಟ್ಟು ಮಿ.ರಿಫ್ರೆಶ್ (Me.Refresh) ಬರೆದಿದ್ದೇನೆ. ಹಳೆ ಲಾಟಿನ ತೂಕ ತಿದ್ದಿದರೆ ಬದಲಾಗುತ್ತದೆ, ಹೊಸ ಲಾಟ್ ಮಾತ್ರ ಬರುವುದಿಲ್ಲ. ಮೇಲಿನ ರಿಫ್ರೆಶ್ ಆಲ್ ಬಟನ್ ಒತ್ತಿದರೆ ಬರುತ್ತದೆ! ಏನು ಕಥೆ ಸಾರ್ ಇದು?
– ಓದುಗರು, ಸಾಗರ

ಉತ್ತರ: ತೂಕ ಬದಲಾಗುತ್ತಿದೆ ಅಂದಮೇಲೆ ಟೈಮರ್ ಸರಿಯಾಗೇ ಓಡುತ್ತಿದೆ, ಅದನ್ನು ಬಿಡಿ. ಮಿ.ರಿಫ್ರೆಶ್ ಮಾಡುವ ಕೆಲಸ ಸಣ್ಣದು. ಫಾರ್ಮ್ ತೆರೆದಾಗ ಯಾವ ಸಾಲುಗಳು ಸಿಕ್ಕಿದ್ದವೋ ಅವನ್ನಷ್ಟೇ ಮತ್ತೆ ಓದುತ್ತದೆ. ಆಮೇಲೆ ಸೇರಿದ ಲಾಟ್ ಅದರ ಪಟ್ಟಿಯಲ್ಲೇ ಇಲ್ಲ. ಯಾರಾದರೂ ಅಳಿಸಿದ ಸಾಲಿನ ಜಾಗದಲ್ಲಿ ‘ಡಿಲೀಟೆಡ್’ ಅಂತ ಕೂತಿರುವುದನ್ನು ನೀವು ನೋಡಿರಬಹುದು, ಅದಕ್ಕೂ ಇದೇ ಕಾರಣ. ಕ್ವೆರಿಯನ್ನು, ಅಂದರೆ ಟೇಬಲ್‌ನಿಂದ ಸಾಲುಗಳನ್ನು ಆರಿಸಿ ತರುವ ಆದೇಶವನ್ನು, ಮೊದಲಿಂದ ಓಡಿಸಿ ಹೊಸ ಪಟ್ಟಿ ತರುವುದು ಮಿ.ರಿಕ್ವೆರಿ (Me.Requery). ಮೇಲಿನ ರಿಫ್ರೆಶ್ ಆಲ್ ಬಟನ್ ಮಾಡುವುದೂ ರಿಕ್ವೆರಿಯನ್ನೇ. ಹೀಗೆ ಹೆಸರಿಟ್ಟವರನ್ನು ಬೈಯಬೇಕು ಅನಿಸಿದರೆ ನಾನೂ ಜೊತೆಗಿದ್ದೇನೆ.

ಹಾಗಂತ ಸುಮ್ನೆ ಒಂದನ್ನು ತೆಗೆದು ಇನ್ನೊಂದನ್ನು ಹಾಕಬೇಡಿ. ರಿಕ್ವೆರಿ ಆದ ಕೂಡಲೇ ಫಾರ್ಮ್ ಮೊದಲ ಸಾಲಿಗೆ ಹಾರುತ್ತದೆ. 84ನೇ ಲಾಟಿನ ರಾಶಿ ಅಡಿಕೆಯ ದರ ನೋಡುತ್ತಿದ್ದವರು ಕಣ್ಣು ಮಿಟುಕಿಸುವಷ್ಟರಲ್ಲಿ 1ನೇ ಲಾಟಿನ ಮುಂದೆ ಇರುತ್ತೀರಿ. ಇದಾದರೂ ಬರೀ ಕಿರಿಕಿರಿ. ನಿಜವಾದ ಅಪಾಯ ಬೇರೆ: ನೀವು ತಿದ್ದುತ್ತಿರುವ ಸಾಲನ್ನು ಅದು ಕೇಳದೇ ಸೇವ್ ಮಾಡಿಬಿಡುತ್ತದೆ. ದರ ಹಾಕಿದ್ದೀರಿ, ಖರೀದಿದಾರರ ಹೆಸರು ಇನ್ನೂ ಹಾಕಿಲ್ಲ, ಅಷ್ಟರಲ್ಲಿ ಟೈಮರ್ ಬಂತು. ಹೆಸರಿಲ್ಲದ ಲಾಟ್ ಟೇಬಲ್‌ಗೆ ಹೋಗಿ ಕೂತಾಯಿತು. ಸಂಜೆ ಪಟ್ಟಿ ತೆಗೆಯುವಾಗ ತಲೆ ಕೆರೆದುಕೊಳ್ಳುವವರು ನೀವೇ ಅಲ್ವಾ? ಈಗಿನ ರಿಫ್ರೆಶ್ ಕೂಡ ಈ ವಿಷಯದಲ್ಲಿ ಅಷ್ಟೇನೂ ಸಾಧು ಅಲ್ಲ, ಅದೂ ಹೀಗೇ ಸೇವ್ ಮಾಡುತ್ತದೆ.

ಹಾಗಾಗಿ ಟೈಮರ್ ಈವೆಂಟಿನ, ಅಂದರೆ ಟೈಮರ್ ಬಂದಾಗ ಓಡುವ ಕೋಡಿನ, ಮೊದಲ ಸಾಲಲ್ಲೇ ಮಿ.ಡರ್ಟಿ (Me.Dirty) ನೋಡಿ, ತಿದ್ದಿ ಇನ್ನೂ ಸೇವ್ ಆಗದ್ದು ಇದೆಯೇ ಅಂತ ಅದು ಹೇಳುತ್ತದೆ. ಟ್ರೂ ಇದ್ದರೆ ಎಕ್ಸಿಟ್ ಸಬ್ (Exit Sub) ಹಾಕಿ ಅಲ್ಲಿಂದಲೇ ಹೊರಬನ್ನಿ, ಮುಂದಿನ ಸಲ ನೋಡಿಕೊಳ್ಳಲಿ. ಖಾಲಿ ಹೊಸ ಸಾಲಿನಲ್ಲಿ ನಿಂತಿದ್ದರೂ ಹಾಗೇ ಹೊರಬನ್ನಿ. ಆಮೇಲೆ ಈಗ ಕಾಣುತ್ತಿರುವ ಲಾಟ್ ಐಡಿಯನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡು, ರಿಕ್ವೆರಿ ಮಾಡಿ, ಮಿ.ರೆಕಾರ್ಡ್‌ಸೆಟ್.ಫೈಂಡ್‌ಫಸ್ಟ್ (Me.Recordset.FindFirst) ಬಳಸಿ ಅದೇ ಐಡಿಗೆ ವಾಪಸ್ ಬನ್ನಿ. ಬುಕ್‌ಮಾರ್ಕ್ (ಆಕ್ಸೆಸ್ ಪ್ರತಿ ಸಾಲಿಗೆ ಇಡುವ ಗುರುತು) ಇಟ್ಟುಕೊಂಡರೆ ಸಾಲದೇ ಅಂತ ಕೇಳಬಹುದು. ಸಾಲದು, ರಿಕ್ವೆರಿ ಆದಮೇಲೆ ಹಳೆ ಬುಕ್‌ಮಾರ್ಕ್ ನಡೆಯುವುದಿಲ್ಲ. ಸಾಲಿನ ನಂಬರನ್ನೂ ನಂಬಬೇಡಿ, ನಡುವೆ ಒಂದು ಲಾಟ್ ಸೇರಿದರೆ ಅದು ಜರುಗಿರುತ್ತದೆ.

ಪ್ರತಿ ಸಲ ರಿಕ್ವೆರಿ ಮಾಡಿದರೆ ಪರದೆ ಮಿನುಗುತ್ತದೆ, ನೆಟ್‌ವರ್ಕಿಗೂ ಭಾರ. ಲಾಟ್ ಐಡಿ ಆಟೋನಂಬರ್ (ಆಕ್ಸೆಸ್ ತಾನೇ ಏರಿಸುತ್ತಾ ಕೊಡುವ ನಂಬರ್) ಆಗಿದ್ದರೆ ಮೊದಲು ಅತಿ ದೊಡ್ಡ ಸಂಖ್ಯೆ ಹುಡುಕುವ ಡಿಮ್ಯಾಕ್ಸ್‌ (DMax) ನಿಂದ ಟೇಬಲ್‌ನ ಕೊನೆಯ ಐಡಿ ಕೇಳಿ. ಹಿಂದಿನ ಸಲಕ್ಕಿಂತ ಜಾಸ್ತಿ ಇದ್ದರೆ ಮಾತ್ರ ರಿಕ್ವೆರಿ, ಇಲ್ಲದಿದ್ದರೆ ನಿಮ್ಮ ಹಳೆ ರಿಫ್ರೆಶ್ ಸಾಕು. ಟೈಮರ್ ಇಂಟರ್ವಲ್ ಲೆಕ್ಕ ಮಿಲಿಸೆಕೆಂಡಿನಲ್ಲಿ. 1000 ಅಂದರೆ ಒಂದು ಸೆಕೆಂಡ್. ಮಂಡಿಗೆ ಅಷ್ಟು ಅವಸರ ಬೇಡ, 15000 ಇಡಿ. ಬೆಳೆಗಾರರ ಹೆಸರು ಆರಿಸುವ ಕಾಂಬೊ ಬಾಕ್ಸ್ (ಕೆಳಗೆ ಬಿಚ್ಚಿಕೊಳ್ಳುವ ಪಟ್ಟಿ) ಇದ್ದರೆ ಅದಕ್ಕೆ ಬೇರೆಯಾಗಿಯೇ ರಿಕ್ವೆರಿ ಹೇಳಬೇಕು.

ಇನ್ನೊಂದು ಮಾತು. ಕೋಡ್ ತಿದ್ದುವಾಗ ಟೈಮರ್ ಇರುವ ಫಾರ್ಮ್ ಮುಚ್ಚಿಡಿ. ತೆರೆದಿದ್ದರೆ ಸಾಲಿನ ಕೊನೆಗೆ ಸ್ಪೇಸ್ ಒತ್ತಿದ್ದು ಮಾಯವಾಗುತ್ತದೆ, ಕೀಬೋರ್ಡ್ ಕೆಟ್ಟಿದೆ ಅಂದುಕೊಂಡು ಹೊಸದು ತಂದವರಿದ್ದಾರೆ.

ಪ್ರಶ್ನೆ: ನಾನೂ ಆಕ್ಸೆಸ್‌ನಲ್ಲಿ, ಕೋಡಿನಿಂದಲೇ ಕೀ ಒತ್ತಿಸುವ ಸೆಂಡ್‌ಕೀಸ್ (SendKeys) ಬಳಸಿ, ರಿಕ್ವೆರಿ ಮಾಡುವ ಶಿಫ್ಟ್ ಎಫ್9 ಕೀ ಕಳಿಸಿ ಫಾರ್ಮ್ ಹೊಸದು ಮಾಡುತ್ತೇನೆ. ಒಮ್ಮೊಮ್ಮೆ ಆಗುವುದೇ ಇಲ್ಲ, ಯಾಕೆ?
– ಓದುಗರು, ಹಾಸನ

ಉತ್ತರ: ಸೆಂಡ್‌ಕೀಸ್ ಆ ಹೊತ್ತಿಗೆ ಯಾವ ವಿಂಡೋ ಮುಂದಿದೆಯೋ ಅದರ ಮೇಲೆ ಕೀ ಒತ್ತುತ್ತದೆ. ನೀವು ಎಕ್ಸೆಲ್‌ನಲ್ಲಿದ್ದರೆ ಅಲ್ಲಿನ ಶೀಟ್ ಮತ್ತೊಮ್ಮೆ ಲೆಕ್ಕ ಹಾಕಿಕೊಳ್ಳುತ್ತದೆ, ನಿಮ್ಮ ಫಾರ್ಮಿಗೆ ಸುದ್ದಿಯೇ ಇಲ್ಲ. ಅದನ್ನು ತೆಗೆದು ಮೇಲೆ ಹೇಳಿದಂತೆ ಮಿ.ರಿಕ್ವೆರಿ ಹಾಕಿ.