ನೋಟ್‌ಬುಕ್ ತುಂಬ ಪದ, ಬಾಯಿಗೆ ಒಂದೂ ಇಲ್ಲ

ಇಂಗ್ಲಿಷ್ ಪದ ಗೊತ್ತಿದ್ದೂ ಮಾತಾಡಲಾಗದೆ ಕೊರಗುತ್ತಾ ಕೌನ್ಸೆಲಿಂಗ್‌ಗೆ ನನ್ನ ಹತ್ತಿರ ಬಂದವರಲ್ಲಿ ಈ ವರ್ಷ ಇದು ಐದನೇ ಪ್ರಕರಣ, ಅದಕ್ಕೇ ಬರೆಯುತ್ತಿದ್ದೇನೆ. ಬಂದ ಹುಡುಗನ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಹುಡುಗನಿಗೆ 26 ವರ್ಷ. ಗದಗ ಕಡೆಯವನು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಈಗ ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ. ಸೋಮವಾರ ಬೆಳಿಗ್ಗೆ ಮೀಟಿಂಗ್ ಇರುತ್ತೆ ಅಂತ ಭಾನುವಾರ ರಾತ್ರಿ ನಿದ್ದೆ ಇಲ್ಲ. ಕೆಲಸ ಬಿಡುವ ಯೋಚನೆಯಲ್ಲಿದ್ದ. ಇಂಗ್ಲಿಷ್ ಬರುವುದಿಲ್ಲ ಅಂತಲ್ಲ, ಮೇಲ್ ಓದುತ್ತಾನೆ, ಕ್ರಿಕೆಟ್ ಕಾಮೆಂಟರಿ ಅರ್ಥವಾಗುತ್ತೆ. ಆದರೆ ಎರಡು ವರ್ಷದಿಂದ ಅಲ್ಲೇ ನಿಂತುಬಿಟ್ಟಿದ್ದೇನೆ ಅನ್ನುವ ಕೊರಗು.

ಮೂರನೇ ಭೇಟಿಗೆ 200 ಪುಟದ ನೋಟ್‌ಬುಕ್ ತಂದ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡದಲ್ಲಿ ಒಂದೇ ಅರ್ಥ, ನಡುವೆ ಸ್ಕೇಲ್ ಇಟ್ಟು ಎಳೆದ ಕೆಂಪು ಗೆರೆ. ಕೊನೆಯ ನಂಬರ್ 1,800 ದಾಟಿತ್ತು. ‘ಅಗ್ರೀ’, ‘ಅಕ್ಸೆಪ್ಟ್’, ‘ಅಡ್ಮಿಟ್’ ಮೂರರ ಮುಂದೆಯೂ ‘ಒಪ್ಪು’ ಅಂತಲೇ ಇತ್ತು. ಒಂದು ಮೀಟಿಂಗ್‌ನಲ್ಲಿ ‘ಐ ಅಡ್ಮಿಟ್ ಯುವರ್ ಪ್ಲಾನ್’ ಅಂದಿದ್ದಾನೆ. ಅಡ್ಮಿಟ್ ಅಂದ್ರೆ ತಪ್ಪನ್ನೋ, ಹೇಳಲು ಇಷ್ಟವಿಲ್ಲದ ನಿಜವನ್ನೋ ಒಪ್ಪಿಕೊಳ್ಳುವುದು. ಯಾರೋ ನಕ್ಕರು. ಅವತ್ತು ಮುಚ್ಚಿದ ಬಾಯಿ ಮತ್ತೆ ತೆರೆದಿಲ್ಲ.

ನಾನು ನೋಟ್‌ಬುಕ್ ಮುಚ್ಚಿಟ್ಟು ಕೇಳಿದೆ, ‘ನಿದ್ದೆ ಏನಾಗುತ್ತೆ?’

‘ಬರ್ತೈತ್ರಿ.’

‘ಹಸಿವು?’

‘ಆಗ್ತೈತ್ರಿ.’

‘ಹಸಿವು ಬರುತ್ತೆ ಅಂತ ಯಾಕೆ ಅನ್ನಲ್ಲ?’

ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಹಂಗ ಯಾರೂ ಅನ್ನಂಗಿಲ್ಲಲ್ರಿ ಮೇಡಂ’ ಅಂದ. ಆಮೇಲೆ ತಾನೇ ನೋಟ್‌ಬುಕ್ ಎಳೆದುಕೊಂಡು ‘ಮಿಸ್ಟೇಕ್’ ಇದ್ದ ಪುಟ ತೆಗೆದ. ‘ಇದರ ಜೋಡಿ ಡೂ ಬರ್ತೈತೋ, ಮೇಕ್ ಬರ್ತೈತೋ?’ ಎರಡು ವರ್ಷದಲ್ಲಿ ಅವನು ಕೇಳಿದ ಮೊದಲ ಸರಿಯಾದ ಪ್ರಶ್ನೆ ಅದು ಅಂತ ನನಗನಿಸಿತು. ನಾವು ತಪ್ಪು ಮಾಡ್ತೀವಿ, ಕೆಲಸ ಮಾಡ್ತೀವಿ, ಸ್ನಾನ ಮಾಡ್ತೀವಿ. ಇಂಗ್ಲಿಷಿನಲ್ಲಿ ಮಿಸ್ಟೇಕ್‌ಗೆ ಮೇಕ್, ವರ್ಕ್‌ಗೆ ಡೂ, ಬಾತ್‌ಗೆ ಟೇಕ್. ಜೊತೆ ಗೊತ್ತಿಲ್ಲದೆ ಪದ ಮಾತ್ರ ಗೊತ್ತಿದ್ದರೆ ವಾಕ್ಯದ ಅರ್ಧದಲ್ಲೇ ನಾಲಿಗೆ ತಡವರಿಸುತ್ತೆ, ಅಲ್ವಾ?

ನಾನು ಕೊಟ್ಟ ಸಲಹೆ ಹೀಗಿತ್ತು. ಆರು ವಾರ ಒಂದೂ ಹೊಸ ಪದ ಬೇಡ. ಹಳೆಯ ನೋಟ್‌ಬುಕ್‌ನಿಂದ ದಿನಕ್ಕೆ ಐದೇ ಪದ, ಅದೂ ಆಫೀಸಿನ ಮೇಲ್‌ಗಳಲ್ಲಿ ಕಣ್ಣಿಗೆ ಬೀಳುವಂಥವು. ಪ್ರತಿ ಪದವನ್ನೂ ಅದರ ಜೊತೆಗಾರ ಪದದೊಂದಿಗೆ ಬರೆದು, ತನ್ನದೇ ಕೆಲಸದ ಬಗ್ಗೆ ಒಂದು ವಾಕ್ಯ ಮಾಡಿ, ಜೋರಾಗಿ ಹೇಳಬೇಕು. ಮಾರನೇ ದಿನ ಬಲಗಡೆ ಮುಚ್ಚಿ ನೆನಪು ಮಾಡಿಕೊಳ್ಳಬೇಕು, ಮತ್ತೆ ಮೂರು ದಿನ ಬಿಟ್ಟು, ಮತ್ತೆ ವಾರ ಬಿಟ್ಟು. ಕಲಿತದ್ದು ಮೊದಲ ಒಂದೆರಡು ದಿನದಲ್ಲೇ ಜಾಸ್ತಿ ಮರೆತುಹೋಗುತ್ತೆ ಅಂತ ಜರ್ಮನ್ ಮನಃಶಾಸ್ತ್ರಜ್ಞ ಎಬ್ಬಿಂಗ್‌ಹಾಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ತೋರಿಸಿದ್ದ.

ಹೊಸ ಪದ ನಿಲ್ಲಿಸು ಅಂದಿದ್ದಕ್ಕೆ ಪರಿಚಯದ ಟೀಚರೊಬ್ಬರು ನನ್ನ ಮೇಲೆ ರೇಗಿದರು. ನಾನು ಈಗಲೂ ಅದನ್ನೇ ಹೇಳುತ್ತೇನೆ. ಇಂಗ್ಲಿಷ್ ಕಲಿಸುವುದರಲ್ಲಿ ಪರಿಣತನಾಗಿದ್ದ ಮೈಕೇಲ್ ವೆಸ್ಟ್, ಕಲಿಯುವವರಿಗಾಗಿ ಹೆಚ್ಚು ಬಳಕೆಯ ಇಂಗ್ಲಿಷ್ ಪದ ಆರಿಸಿ 1953ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಇದ್ದದ್ದು ಸುಮಾರು 2,000 ಪದ. ಸಾಮಾನ್ಯ ಬರಹದ ಹೆಚ್ಚಿನ ಭಾಗ ಇಂಥ ಪದಗಳಲ್ಲೇ ಮುಗಿಯುತ್ತೆ. ಅವು ದಿನಾ ಎದುರಾಗುತ್ತವೆ, ಹಾಗಾಗಿ ಶುರುವಿನಲ್ಲಿ ಬೇಗ ಬೇಗ ಕಲಿತ ಹಾಗೆ ಅನಿಸುತ್ತೆ. ಆಮೇಲಿನ ಪದಗಳು ತಿಂಗಳಿಗೊಮ್ಮೆ ಸಿಕ್ಕರೆ ಹೆಚ್ಚು. ನಡುವಿನ ಮಟ್ಟದಲ್ಲಿ ತುಂಬ ಜನ ಹೀಗೇ ನಿಂತಂತೆ ಅನಿಸಿ ಹೆದರುತ್ತಾರೆ, ದಡ್ಡರಾಗಿ ಅಲ್ಲ. ಈ ಹುಡುಗ ಅದನ್ನು ಕನ್ನಡ ಮೀಡಿಯಂ ಮೇಲೆ ಹಾಕಿ ತನ್ನನ್ನೇ ಬೈದುಕೊಳ್ಳುತ್ತಿದ್ದ, ನನಗೆ ಜಾಸ್ತಿ ನೋವಾಗಿದ್ದು ಅದಕ್ಕೇ. ಕನ್ನಡದ ಅರ್ಥ ಬರೆಯಲೇಬೇಡಿ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಹಸಿವು ಆಗುತ್ತೆ, ನಿದ್ದೆ ಬರುತ್ತೆ ಅಂತ ಗೊತ್ತಿದ್ದವನಿಗೆ ‘ಮೇಕ್ ಎ ಮಿಸ್ಟೇಕ್’ ಯಾಕೆ ಹಾಗಿದೆ ಅಂತ ಬೇಗ ಹೊಳೆಯುತ್ತೆ.

ನಾಲ್ಕು ತಿಂಗಳಾಯಿತು. ಭಾನುವಾರದ ನಿದ್ದೆ ಇನ್ನೂ ಪೂರ್ತಿ ಸರಿಯಾಗಿಲ್ಲ, ಭೇಟಿಗಳು ನಡೆದಿವೆ. ಹೋದ ವಾರ ಮ್ಯಾನೇಜರ್‌ಗೆ ಕಳಿಸಿದ ಮೇಲ್ ಒಂದನ್ನು ತೋರಿಸಿದ. ‘ಐ ಅಗ್ರೀ ವಿತ್ ದ ಪ್ಲಾನ್, ಬಟ್’ ಅಂತ ಶುರುವಾಗಿತ್ತು. ಆ ‘ಬಟ್’ ಆದ ಮೇಲೆ ಆರು ಸಾಲು ಬರೆದಿದ್ದ.