ವ್ಯಾನಿನಲ್ಲಿ ಡಿಶ್‌ವಾಶರ್: ನೀರಿನ ಲೆಕ್ಕ ಆಮೇಲೆ, ಮೊದಲು ಪ್ಲಗ್ಗಿನ ಲೆಕ್ಕ

ಕಾಕಾ, ನಿಮ್ಮ ಪ್ರಶ್ನೆ ಮೊನ್ನೆಯೇ ನೋಡಿದ್ದೆ. ಆಗ ಬಾದಾಮಿ ಹತ್ತಿರ ಇದ್ದೆವು, ನೆಟ್‌ವರ್ಕ್ ಸರಿ ಇರಲಿಲ್ಲ. ಈಗ ಬಾಗಲಕೋಟೆ ನವನಗರದಲ್ಲಿ ತಂಗಿ ಮನೆ ಮುಂದೆ ವ್ಯಾನ್ ನಿಲ್ಲಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಚಹಾ ತಗೊಂಡು ಕೂತು ಓದಿ.

ಉಳಿದವರಿಗೂ ಗೊತ್ತಿರಲಿ ಅಂತ ಹೇಳುತ್ತೇನೆ. ಕಾಕಾ ಬೆಳಗಾವಿಯವರು. ರಿಟೈರ್ ಆದ ಮೇಲೆ ಹಳೇ ಮಿನಿ ಬಸ್ ತಗೊಂಡು ಮನೆ ಮಾಡಿಸುತ್ತಿದ್ದಾರೆ. ವರ್ಷಪೂರ್ತಿ ಅದರಲ್ಲೇ ಇರುವ ಯೋಚನೆ. 150 ಲೀಟರ್ ನೀರಿನ ಟ್ಯಾಂಕು, 200 ಎಎಚ್ (ಆಂಪಿಯರ್-ಅವರ್) ಲಿಥಿಯಂ ಬ್ಯಾಟರಿ, ಮೇಲೆ 400 ವ್ಯಾಟ್ ಸೋಲಾರ್. ಅವರ ಹೆಂಡತಿ, ಅಂದರೆ ಕಾಕು, ಒಂದೇ ಷರತ್ತು ಹಾಕಿದ್ದಾರಂತೆ: "ರಿಟೈರ್ ಆದ ಮ್ಯಾಲೂ ಬಾಂಡೆ ತಿಕ್ಕೂದಾದ್ರ ನಾ ಬರಂಗಿಲ್ಲ." ಅವರಿಗೆ ಬೆರಳ ಸಂದು ನೋವೂ ಇದೆ. ಹಾಗಾಗಿ ಡಿಶ್‌ವಾಶರ್ ಕೂರಿಸಲಾ, ಬೇಡವಾ ಅಂತ ಕೇಳಿದ್ದಾರೆ.

ನಮ್ಮ ಮನೆಯಲ್ಲಿ ರೊಟ್ಟಿ ಹೆಂಡತಿಯದು, ಬಾಂಡೆ (ಪಾತ್ರೆ) ತಿಕ್ಕುವುದು ನನ್ನದು. ಟ್ರಾವೆಲರ್ ವ್ಯಾನಿನಲ್ಲಿ ಇರಲು ಶುರು ಮಾಡಿ ಮೂರು ವರ್ಷ ಆಯಿತು. ಮೇಜಿನ ಮೇಲೆ ಇಡುವ ಸಣ್ಣ ಮಷಿನ್ ತಗೊಂಡು 11 ತಿಂಗಳು ಇಟ್ಟುಕೊಂಡಿದ್ದೆವು. ಈಗ ಅದು ಇದೇ ತಂಗಿ ಮನೆಯ ಅಡುಗೆಕಟ್ಟೆ ಮೇಲೆ ಇದೆ, ಚೆನ್ನಾಗಿ ಓಡುತ್ತಿದೆ. ಹಾಗಂತ ನಿಮಗೆ ಬೇಡ ಅನ್ನಲು ನಾನು ಬಂದಿಲ್ಲ. ನಮ್ಮ ಮಷಿನ್ ಇಳಿದದ್ದಕ್ಕೆ ಕಾರಣ ಬೇರೆ.

ಇಲ್ಲಿ ನಿಮಗೆ ಉತ್ತರ ಬರೆದ ಎಲ್ಲರೂ "ನೀರು ಎಲ್ಲಿಂದ ತರ್ತೀರಿ" ಅಂತಲೇ ಹೆದರಿಸಿದ್ದಾರೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಒಂದು ರಾತ್ರಿ ಅಳೆದೇ ನೋಡೋಣ ಅಂತ 20 ಲೀಟರ್ ಕ್ಯಾನಿಗೆ ನಲ್ಲಿ ಹಾಕಿ ತಿಕ್ಕಲು ಕೂತೆ. ಎರಡು ತಾಟು, ನಾಲ್ಕು ವಾಟಗ (ಬಟ್ಟಲು), ಎರಡು ಗ್ಲಾಸು, ಪಲ್ಯದ ಡಬರಿ, ಕುಕ್ಕರ್, ಸೌಟು, ಚಹಾ ಪಾತ್ರೆ. ಇಷ್ಟೇ. ನಲ್ಲಿ ಸಣ್ಣಗೆ ಬಿಟ್ಟುಕೊಂಡೇ ತೊಳೆದೆ. ಕೊನೆಗೆ ಸೌಟು ತೊಳೆಯುವ ಹೊತ್ತಿಗೆ ಕ್ಯಾನ್ ಓರೆ ಮಾಡಬೇಕಾಯಿತು. ಸಣ್ಣ ಡಿಶ್‌ವಾಶರ್ ಒಂದು ಸಲಕ್ಕೆ ಕುಡಿಯುವುದು 5ರಿಂದ 8 ಲೀಟರ್. ಮನೆಯಲ್ಲಿ ಇಡುವ ದೊಡ್ಡ ಮಷಿನ್ ಕೂಡ ಇಕೋದಲ್ಲಿ (ನೀರು, ಕರೆಂಟು ಉಳಿಸುವ ಸೆಟ್ಟಿಂಗ್) ಹಾಕಿದರೆ 9ರಿಂದ 12 ಲೀಟರ್‌ಗೆ ಮುಗಿಸುತ್ತದೆ. ಅದೇ ನೀರನ್ನು ಮತ್ತೆ ಮತ್ತೆ ಎತ್ತಿ ಚಿಮ್ಮಿಸುತ್ತದೆ, ಅಷ್ಟೇ ಗುಟ್ಟು. ಹಾಗಾಗಿ ನೀರಿನ ವಿಷಯದಲ್ಲಿ ಮಷಿನ್ ಕಳ್ಳ ಅಲ್ಲ. ನಲ್ಲಿ ಬಿಟ್ಟು ತೊಳೆಯುವವರಿಗಿಂತ ಸಾಚಾ.

ಕಳ್ಳ ಇರುವುದು ಕರೆಂಟಿನಲ್ಲಿ. ನೀರು ಕಾಯಿಸಬೇಕು, ಅಲ್ವಾ? ನಮ್ಮದಕ್ಕೆ ಪ್ಲಗ್ಗಿಗೆ ಹಾಕುವ ಮೀಟರ್ ಇಟ್ಟು ನೋಡಿದ್ದೆ. ಒಂದು ಸಲಕ್ಕೆ 0.7 ಯುನಿಟ್. ಇನ್ವರ್ಟರ್ ತಿನ್ನುವುದನ್ನೂ ಸೇರಿಸಿದರೆ ಬ್ಯಾಟರಿಯಿಂದ 0.8 ಹೋಗುತ್ತದೆ. ನಿಮ್ಮ ಬ್ಯಾಟರಿ 12.8 ವೋಲ್ಟ್, 200 ಎಎಚ್. ಎರಡನ್ನೂ ಗುಣಿಸಿದರೆ ಪೂರ್ತಿ ತುಂಬಿದಾಗ 2,560 ವ್ಯಾಟ್-ಅವರ್, ಅಂದರೆ 2.56 ಯುನಿಟ್. ಒಂದು ಸಲ ಬಾಂಡೆ ತೊಳೆದರೆ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಖಾಲಿ. ಫ್ರಿಜ್ಜು, ಎರಡು ಫ್ಯಾನು, ದೀಪ, ನೀರಿನ ಪಂಪು, ಫೋನು ಎಲ್ಲ ಸೇರಿ ನಮಗೆ ದಿನಕ್ಕೆ 1.2 ಯುನಿಟ್ ಬೇಕು. 400 ವ್ಯಾಟ್ ಪ್ಯಾನೆಲ್ ವಿಜಯಪುರದ ಮಾರ್ಚ್ ಬಿಸಿಲಿಗೆ 1.6ರಿಂದ 1.8 ಯುನಿಟ್ ಕೊಡುತ್ತದೆ. ಉಳಿದದ್ದು ಎಷ್ಟು ಅಂತ ನೀವೇ ನೋಡಿ. ದಿನ ಬಿಟ್ಟು ದಿನ ಮಷಿನ್ ಓಡಿಸಬಹುದು, ಅಷ್ಟೇ. ಇದೇ ಪ್ಯಾನೆಲ್ ತಗೊಂಡು ಜುಲೈನಲ್ಲಿ ಖಾನಾಪುರ ಕಡೆ ಹೋಗಿ. ಮೋಡ ಕವಿದು ವಾರಗಟ್ಟಲೆ ಬಿಸಿಲೇ ಇರುವುದಿಲ್ಲ. ಅಲ್ಲಿ ಫ್ರಿಜ್ಜು ತಣ್ಣಗಿದ್ದರೆ ಸಾಕು ಅನ್ನಿಸುತ್ತದೆ.

ಇನ್ನೊಂದು, ಯುನಿಟ್ ಲೆಕ್ಕ ಸರಿ ಹೋದರೂ ಒಮ್ಮೆಲೇ ಎಳೆಯುವ ಲೋಡು ಬೇರೆ. ಹೀಟರ್ ಆನ್ ಆದಾಗ 1,200ರಿಂದ 1,800 ವ್ಯಾಟ್. 12 ವೋಲ್ಟ್ ಬ್ಯಾಟರಿಯಿಂದ ಇದನ್ನು ಎಳೆಯಬೇಕೆಂದರೆ 100 ಆಂಪಿಯರ್ ದಾಟುತ್ತದೆ. ಇನ್ವರ್ಟರ್ 2,000 ವ್ಯಾಟ್ ಮೇಲೆ ಇರಬೇಕು, ಪ್ಯೂರ್ ಸೈನ್ (ಮನೆ ಕರೆಂಟಿನಂಥದ್ದೇ ಕರೆಂಟು ಕೊಡುವಂಥದ್ದು) ಇರಬೇಕು. ಬ್ಯಾಟರಿಯಿಂದ ಇನ್ವರ್ಟರ್‌ಗೆ ಬರುವ ಕೇಬಲ್ ದಪ್ಪ ಇರಬೇಕು, ಗಿಡ್ಡ ಇರಬೇಕು, ಫ್ಯೂಸ್ ಬೇಕೇ ಬೇಕು. ನಿಮ್ಮ ಬಾಡಿ ಕಟ್ಟುವವರು "ನಡೀತದ ಬಿಡ್ರಿ" ಅಂದರೆ ನಂಬಬೇಡಿ. ಕೇಬಲ್ ಮೇಲೆ ಕೈ ಇಟ್ಟು ನೋಡಿ, ಹೀಟರ್ ಓಡಿದ ಹತ್ತು ನಿಮಿಷಕ್ಕೆ ಅದು ಬಿಸಿ ಹತ್ತಬಾರದು.

ಹಾಗಾದರೆ ಹೊರಗಿನ ಪ್ಲಗ್ಗಿಗೆ ಹಾಕೋಣ ಅನ್ನುತ್ತೀರಿ. ಅಲ್ಲೊಂದು ಕತೆ ಇದೆ. ಹೋದ ವರ್ಷ ಮುಧೋಳ ಕಡೆ ನಮ್ಮ ಮಾವನ ಕಬ್ಬಿನ ಹೊಲದಲ್ಲಿ ಒಂದು ವಾರ ಇದ್ದೆವು. ಶೆಡ್ಡಿನಿಂದ ವೈರ್ ಎಳೆದುಕೊಂಡಿದ್ದೆ. ರಾತ್ರಿ ಕಡಲೆಹಿಟ್ಟಿನ ಝುಣಕ ತಿಂದ ತಾಟು, ಡಬರಿ ಎಲ್ಲ ಮಷಿನ್‌ಗೆ ತುಂಬಿ ಒತ್ತಿ ಕೂತೆ. ಅಷ್ಟರಲ್ಲಿ ತ್ರೀಫೇಸ್ ಬಂತು. ಸುತ್ತಲಿನ ಹೊಲದವರೆಲ್ಲ ಮೋಟರ್ ಚಾಲೂ ಮಾಡಿದರು. ದೀಪ ಕೆಂಪಗಾಯಿತು. ಮೀಟರ್ ನೋಡಿದರೆ 170 ವೋಲ್ಟ್. ಹೀಟರ್‌ನ ಸ್ವಭಾವ ಏನೆಂದರೆ, ವೋಲ್ಟೇಜ್ ಕಾಲು ಪಾಲು ಇಳಿದರೆ ಶಾಖ ಹತ್ತಿರ ಹತ್ತಿರ ಅರ್ಧಕ್ಕೇ ಇಳಿಯುತ್ತದೆ. ನೀರು ಬಿಸಿ ಆಗಲಿ ಅಂತ ಮಷಿನ್ ದಾರಿ ನೋಡಿತು, ನೋಡಿತು, ಬಿಸಿ ಆಗಲೇ ಇಲ್ಲ. ಕೊನೆಗೆ ಎರರ್ ತೋರಿಸಿ ನಿಂತುಬಿಟ್ಟಿತು. ಒಳಗೆ ತಣ್ಣನೆ ಸೋಪಿನ ನೀರು, ಅದರಲ್ಲಿ ತೇಲುವ ಕಡಲೆಹಿಟ್ಟು. ರಾತ್ರಿ ಹನ್ನೊಂದಕ್ಕೆ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ವಾಟಗದಿಂದ ಆ ನೀರು ತೋಡಿ ಹಾಕಿದೆ. ಆಮೇಲೆ ಅದೇ ಬಾಂಡೆ ಕೈಯಲ್ಲೇ ತಿಕ್ಕಿದೆ. ಅವಳು ಒಳಗಿಂದ ಏನೂ ಅನ್ನಲಿಲ್ಲ. ಸುಮ್ನೆ ನಗುತ್ತಿದ್ದಳು, ಅದೇ ಜಾಸ್ತಿ ಆಯಿತು.

ಧಾಬಾಗಳಲ್ಲಿ ಕೊಡುವುದು ಫೋನ್ ಚಾರ್ಜಿಗೆ ಇಟ್ಟ ಸಣ್ಣ ಪಾಯಿಂಟು. ಅದಕ್ಕೆ ಹೀಟರ್ ಲೋಡ್ ಹಾಕಿದರೆ ಪಿನ್ನು ಕರಗುತ್ತದೆ. ನಿಮಗೆ ಬೇಕಾದದ್ದು 16 ಆಂಪಿಯರ್ ಪಾಯಿಂಟು, ಸರಿಯಾದ ಅರ್ಥಿಂಗ್ ಜೊತೆ. ನೀರೂ ಕರೆಂಟೂ ಒಂದೇ ಡಬ್ಬಿಯಲ್ಲಿ ಇರುವ ಯಂತ್ರ ಇದು, ಅದೂ ಲೋಹದ ಬಾಡಿಯ ಗಾಡಿಯಲ್ಲಿ. ಅರ್ಥಿಂಗ್ ಇಲ್ಲದ ಕಡೆ ಹಾಕಲೇಬೇಡಿ.

ಅಮೆರಿಕದ ವಿಡಿಯೋ ನೋಡಿ ಆಸೆ ಆಯಿತು ಅಂತ ಬರೆದಿದ್ದೀರಿ. ಅವರದ್ದು ಬೇರೆ ಲೋಕ. ಅಲ್ಲಿ ಆರ್‌ವಿ (ಮನೆ ಮಾಡಿದ ಗಾಡಿ) ಪಾರ್ಕಿಗೆ ಹೋದರೆ ಕಂಬದಲ್ಲೇ 30 ಅಥವಾ 50 ಆಂಪಿಯರ್ ಪಾಯಿಂಟು, ಪಕ್ಕದಲ್ಲಿ ನೀರಿನ ನಲ್ಲಿ, ಕೆಳಗೆ ಗಟಾರದ ಪೈಪು. 50 ಆಂಪಿಯರ್ ಕಂಬದಿಂದ 12,000 ವ್ಯಾಟ್ ತನಕ ಎಳೆಯಬಹುದು. ದೊಡ್ಡ ಗಾಡಿಗಳಲ್ಲಿ ನೀರಿನ ಟ್ಯಾಂಕೇ 300 ಲೀಟರ್ ಮೇಲೆ. ತಿಂಗಳುಗಟ್ಟಲೆ ಒಂದೇ ಕಡೆ ನಿಲ್ಲುತ್ತಾರೆ. ಅವರಿಗೆ ಡಿಶ್‌ವಾಶರ್ ಮನೆಯಲ್ಲಿ ಇದ್ದ ಹಾಗೇ. ಅಲ್ಲೂ ಕಾಡಲ್ಲಿ ಪ್ಲಗ್ಗಿಲ್ಲದೆ ನಿಲ್ಲುವವರು ಅದರೊಳಗೆ ಪಾತ್ರೆ, ಬ್ರೆಡ್ಡು ಇಟ್ಟುಕೊಂಡು ಕಪಾಟು ಮಾಡಿಕೊಂಡಿರುವುದೂ ಉಂಟು.

ಈಗ ಬಾಂಡೆ ವಿಷಯಕ್ಕೆ ಬರೋಣ. ಇದನ್ನು ಯಾರೂ ಹೇಳಿಲ್ಲ. ನಮ್ಮ ಕಡೆ ಅಡುಗೆಯಲ್ಲಿ ತಿಕ್ಕಲು ತ್ರಾಸು ಕೊಡುವ ಸಾಮಾನೇ ಮಷಿನ್‌ಗೆ ಹೋಗುವುದಿಲ್ಲ. ಕಬ್ಬಿಣದ ಹಂಚು ಹಾಕಿದರೆ ತುಕ್ಕು. ರೊಟ್ಟಿ ಮಾಡುವ ಕಟ್ಟಿಗೆ ಕೊಮಣಿಗೆ ಹಾಕಿದರೆ ಸೀಳು. ಹಿತ್ತಾಳೆ ತಂಬಿಗೆ ಬಣ್ಣಗೆಡುತ್ತದೆ. ಅಲ್ಯೂಮಿನಿಯಂ ಕುಕ್ಕರ್, ಹಿಂಡಾಲಿಯಂ ಬಾಣಲೆ ಕಪ್ಪಾಗುತ್ತವೆ, ಮಷಿನ್‌ಗೆ ಹಾಕುವ ಸೋಪಿನ ಮಾತ್ರೆಯಲ್ಲಿ ಕ್ಷಾರ ಅಷ್ಟು ಜೋರು ಇರುತ್ತದೆ. ನಮ್ಮ ಕುಕ್ಕರ್ ಮುಚ್ಚಳ ಒಂದೇ ಸಲಕ್ಕೆ ಬೂದಿ ಬಣ್ಣಕ್ಕೆ ತಿರುಗಿತು, ಕೈಗೆ ಕಪ್ಪು ಹತ್ತುತ್ತಿತ್ತು. ಉಳಿದದ್ದು ಏನು? ಸ್ಟೀಲ್ ತಾಟು, ವಾಟಗ, ಗ್ಲಾಸು, ಚಮಚ, ಸ್ಟೀಲ್ ಡಬರಿ. ಇವು ಕೈಯಲ್ಲಿ ಐದು ನಿಮಿಷದ ಕೆಲಸ. ಮಷಿನ್ ಇಡುವುದೇ ಆದರೆ ಕುಕ್ಕರ್, ಬಾಣಲೆ ಎರಡನ್ನೂ ಸ್ಟೀಲಿನದ್ದು ಮಾಡಿಕೊಳ್ಳಿ. ಆಗ ಅರ್ಥ ಬರುತ್ತದೆ.

ಮಷಿನ್‌ನ ಒಂದು ಸುಖ ಮಾತ್ರ ಈಗಲೂ ನೆನಪಾಗುತ್ತದೆ. ಇಷ್ಟೇ ಇಷ್ಟು ಜಾಗದಲ್ಲಿ ಒಂದು ಸಿಂಕು, ಒಂದು ಮೊಳ ಕಟ್ಟೆ. ಮುಸುರೆ ಬಾಂಡೆ ಬಿದ್ದಿದ್ದರೆ ಇಡೀ ಮನೆ ಗಲೀಜು ಕಾಣುತ್ತದೆ. ಮಷಿನ್ ಇದ್ದಾಗ ಉಂಡ ತಕ್ಷಣ ಒಳಗಿಟ್ಟು ಬಾಗಿಲು ಹಾಕಿದರೆ ಆಯಿತು. ಮನೆ ಶಾಂತ. ಆದರೆ ಇಬ್ಬರ ಬಾಂಡೆ ತುಂಬಲು ಒಂದೂವರೆ ದಿನ ಬೇಕು. ಏಪ್ರಿಲ್ ಬಿಸಿಲಿಗೆ ಎಣ್ಣೆಗಾಯಿ ಮೆತ್ತಿದ ತಾಟು ಒಂದೂವರೆ ದಿನ ಮುಚ್ಚಿಟ್ಟು ಬಾಗಿಲು ತೆಗೆದು ನೋಡಿ, ಗೊತ್ತಾಗುತ್ತದೆ.

ವಿಜಯಪುರ ಕಡೆ ಜಾಸ್ತಿ ತಿರುಗುವವರಾದರೆ ಸವಳು ನೀರು ನೆನಪಿರಲಿ. ಡೋಣಿ ನದಿ ನೀರೇ ಉಪ್ಪು. ಎಷ್ಟೋ ಬೋರಿನ ನೀರು ಗಡಸು. ಸ್ಟೀಲ್ ಮೇಲೆ ಬಿಳಿ ಪೊರೆ ಕೂರುತ್ತದೆ, ಹೀಟರ್ ಮೇಲೂ ಕೂರುತ್ತದೆ. ದೊಡ್ಡ ಮಷಿನ್‌ಗಳಲ್ಲಿ ನೀರು ಮೆದು ಮಾಡುವ ಭಾಗ ಇರುತ್ತದೆ, ಅದಕ್ಕೆ ಡಿಶ್‌ವಾಶರ್ ಉಪ್ಪನ್ನೇ ಹಾಕಬೇಕು. ಅಡುಗೆ ಉಪ್ಪಿನಲ್ಲಿ ಅಯೋಡಿನ್, ಗಂಟಾಗದಂತೆ ಬೆರೆಸಿದ ಪುಡಿ ಎಲ್ಲ ಇರುತ್ತದೆ, ಅದು ಬೇಡ. ಕೈಯಿಂದ ನೀರು ತುಂಬುವ ಸಣ್ಣ ಮಷಿನ್‌ಗಳಲ್ಲಿ ಎಷ್ಟೋ ಮಾಡೆಲ್‌ಗೆ ಈ ಭಾಗವೇ ಇಲ್ಲ. ನಮ್ಮದಕ್ಕೂ ಇರಲಿಲ್ಲ. ತಿಂಗಳಿಗೊಮ್ಮೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು ಹಾಕಿ ಖಾಲಿ ಓಡಿಸುತ್ತಿದ್ದೆ.

ಹೊರಬರುವ ನೀರನ್ನು ಗಿಡಕ್ಕೆ ಬಿಡಬೇಡಿ, ಹೊಳೆ ದಂಡೆಗಂತೂ ಬೇಡವೇ ಬೇಡ. ಟ್ಯಾಂಕಲ್ಲಿ ಹಿಡಿದು ಗಟಾರ ಇದ್ದ ಕಡೆ ಬಿಡಿ. ಗಾಡಿ ಓರೆ ನಿಂತಿದ್ದರೆ ಮಷಿನ್ ಒಳಗೆ ನೀರು ಒಂದು ಕಡೆ ಸರಿದು ಸೋರುತ್ತದೆ. ಗಾಲಿ ಕೆಳಗೆ ಇಡಲು ಎರಡು ಹಲಗೆ ತುಂಡು ಇಟ್ಟುಕೊಂಡಿರಿ.

ನಿಮ್ಮ ಮಾತಿಗೆ ಬರುತ್ತೇನೆ. ವಾರದಲ್ಲಿ ಎಷ್ಟು ರಾತ್ರಿ ಒಳ್ಳೆ 16 ಆಂಪಿಯರ್ ಪಾಯಿಂಟ್ ಸಿಗುತ್ತದೆ ಅಂತ ಎಣಿಸಿ. ನಾಲ್ಕು ಅಥವಾ ಜಾಸ್ತಿ ಆದರೆ ಧೈರ್ಯವಾಗಿ ತಗೊಳ್ಳಿ, ಕಾಕುನ ಕೈಗೆ ಅದು ನಿಜವಾಗಿ ಉಪಕಾರ. ನಮಗೆ ವಾರಕ್ಕೆ ಒಂದೋ ಎರಡೋ ಸಿಗುತ್ತಿತ್ತು. ಅದಕ್ಕೇ ಇಳಿಸಿದೆವು. ನೀವು ಮಗನ ಪ್ಲಾಟಿನಲ್ಲಿ ತಿಂಗಳಿಗೆ ಹತ್ತು ದಿನ ಇರುತ್ತೇವೆ ಅಂದಿದ್ದೀರಿ, ಉಳಿದದ್ದು ಸವದತ್ತಿ, ಕೂಡಲಸಂಗಮ, ಆಲಮಟ್ಟಿ ಅಂತ ತಿರುಗಾಟ. ಇದು ಅತ್ತೂ ಅಲ್ಲದ, ಇತ್ತೂ ಅಲ್ಲದ ಲೆಕ್ಕ. ನಾನಾಗಿದ್ದರೆ ಈಗ ಮಷಿನ್ ತಗೊಳ್ಳುತ್ತಿರಲಿಲ್ಲ, ಜಾಗ ಮಾತ್ರ ಬಿಡಿಸುತ್ತಿದ್ದೆ. ಸಿಂಕಿನ ಪಕ್ಕ ಎರಡಡಿ ಅಗಲದ ಕಪಾಟು, ಒಳಗೆ ನೀರಿನ ಪಾಯಿಂಟು, ಡ್ರೈನು, 16 ಆಂಪಿಯರ್ ಸಾಕೆಟ್ಟು. ಈಗ ಹಾಕಿಸಿದರೆ ಖರ್ಚು ಕಡಿಮೆ, ಆಮೇಲೆ ಒಡೆದು ಹಾಕಿಸಿದರೆ ದುಪ್ಪಟ್ಟು. ತಳಕ್ಕೆ ಕಬ್ಬಿಣದ ಪಟ್ಟಿ ಕೊಡಿಸಿ. ಸಣ್ಣ ಮಷಿನ್‌ಗೂ ಒಳ್ಳೆ ತೂಕ ಇರುತ್ತದೆ, ನಮ್ಮ ರೋಡ್ ಹಂಪ್‌ಗೆ ಹಾರಬಾರದು. ಮೂರು ತಿಂಗಳು ಇದ್ದು ನೋಡಿ ನಿರ್ಧಾರ ಮಾಡಿ.

ಆ ಮೂರು ತಿಂಗಳು ಬಾಂಡೆ ನಿಮ್ಮದು ಕಾಕಾ, ಕಾಕುದಲ್ಲ. ನಾನು ಮಾಡುವುದು ಹೀಗೆ. ಕೊನೆ ರೊಟ್ಟಿ ಚೂರಿನಿಂದ ತಾಟು ಒರೆಸಿದ ಹಾಗೆ ಉಣ್ಣುವುದು. ಎಣ್ಣೆ ಡಬರಿಯನ್ನು ಹಳೇ ಪೇಪರಿನಿಂದ ಒರೆಸಿ ಆ ಪೇಪರ್ ಕಸಕ್ಕೆ ಹಾಕುವುದು. ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು ತುಂಬಿ ಎಲ್ಲದಕ್ಕೂ ಹೊಡೆದು ಐದು ನಿಮಿಷ ಬಿಡುವುದು, ಆಮೇಲೆ ನಲ್ಲಿ ಮುಚ್ಚಿಯೇ ತಿಕ್ಕುವುದು. ಎರಡು ಸಣ್ಣ ಬುಟ್ಟಿಯಲ್ಲಿ ನೀರು. ಮೊದಲನೆಯದರಲ್ಲಿ ಅದ್ದಿ ಸೋಪು ಬಿಡಿಸಿ, ಎರಡನೆಯದರಲ್ಲಿ ಅದ್ದಿ ತೆಗೆದರೆ ಮುಗಿಯಿತು. ಗ್ಲಾಸು ಮೊದಲು, ಡಬರಿ ಕೊನೆಗೆ. ಎಲ್ಲ ಸೇರಿ 5 ಲೀಟರ್ ದಾಟುವುದಿಲ್ಲ. ಹಿಂದಿನ ಬಾಗಿಲು ತೆಗೆದು ಮಣೆ ಹಾಕಿಕೊಂಡು ಕೂತರೆ ಗಾಳಿಯೂ ಚೆನ್ನಾಗಿ ಬರುತ್ತದೆ.

ಕೊನೆಗೂ ತಗೊಳ್ಳುವುದೇ ಆದರೆ ಅಂಗಡಿಗೆ ಹೋಗುವಾಗ ನಿಮ್ಮ ಊಟದ ತಾಟು ಒಂದು ಕೈಚೀಲದಲ್ಲಿ ಹಾಕಿಕೊಂಡು ಹೋಗಿ. ಸಣ್ಣ ಮಷಿನ್‌ಗಳ ತಟ್ಟೆ ನಿಲ್ಲಿಸುವ ಜಾಗ ಸಾಮಾನ್ಯವಾಗಿ 10 ಇಂಚಿನ ಪ್ಲೇಟಿನ ಅಳತೆಗೆ ಇರುತ್ತದೆ. ನಮ್ಮ ತಾಟು 12 ಇಂಚು, ಅಂಚು ಬೇರೆ ಎತ್ತರ. ಮಷಿನ್ ಮನೆಗೆ ಬಂದ ದಿನ ತಾಟು ನಿಲ್ಲಿಸಿ ಬಾಗಿಲು ಹಾಕಲು ಹೋದರೆ ಮೇಲಿನ ನೀರು ಚಿಮ್ಮಿಸುವ ರೆಕ್ಕೆ ಟಕ್ ಅಂತ ಬಡಿಯಿತು. ಹನ್ನೊಂದು ತಿಂಗಳೂ ತಾಟು ಓರೆ ಮಾಡಿಯೇ ಇಟ್ಟಿದ್ದೇನೆ. ಈ ಕಡೆ ಬಂದರೆ ತಂಗಿ ಮನೆಯಲ್ಲೇ ಇಟ್ಟು ನೋಡಬಹುದು. ಇನ್ನೊಂದು ವಾರ ನಾವು ಇಲ್ಲೇ ಇರುತ್ತೇವೆ. ಬರುವ ಮುಂಚೆ ಒಂದು ಮೆಸೇಜ್ ಹಾಕಿ, ಕಾಕುನ್ನೂ ಕರೆದುಕೊಂಡು ಬನ್ನಿ.