ಬಾಡಿಗೆ ಕರಾರು: ಯಾರ ಒಪ್ಪಿಗೆ ಬೇಕು?

ಪ್ರಶ್ನೆ: ಕಾಸರಗೋಡು ಪೇಟೆಯಲ್ಲಿ ಅಜ್ಜಿಯ ಕಾಲದಿಂದ ಬಂದ ನಮ್ಮ ತರವಾಡಿನ ಅಂಗಡಿ ಕಟ್ಟಡವಿದೆ. ನಾವು ಅಳಿಯಸಂತಾನದವರು, ಅಂದರೆ ನಮ್ಮಲ್ಲಿ ಕುಟುಂಬದ ಆಸ್ತಿ ತಾಯಿಯ ಕಡೆಯಿಂದ ಬರುತ್ತದೆ, ಇನ್ನೂ ಪಾಲಾಗಿಲ್ಲ. ದೊಡ್ಡ ಸೋದರಮಾವ ನಮ್ಮನ್ನಾಗಲಿ ಮುಂಬಯಿಯಲ್ಲಿರುವ ಚಿಕ್ಕಮ್ಮನನ್ನಾಗಲಿ ಕೇಳದೆ, ಐದು ವರ್ಷಕ್ಕೆಂದು ಛಾಪಾ ಕಾಗದದಲ್ಲಿ ಕರಾರು ಬರೆದು ಅದನ್ನು ಬಟ್ಟೆ ವ್ಯಾಪಾರಿಯೊಬ್ಬರಿಗೆ ಕೊಟ್ಟಿದ್ದಾರೆ. ನೋಂದಣಿ ಆಗಿಲ್ಲ. ಈಗ ಆ ವ್ಯಾಪಾರಿ ಅರ್ಧ ಅಂಗಡಿಯನ್ನು ಮೊಬೈಲ್ ರಿಪೇರಿಯವರಿಗೆ ಒಳಬಾಡಿಗೆಗೆ ಬಿಟ್ಟಿದ್ದಾರೆ. ಮಾವನ ಕರಾರಿಗೆ ನಾವೂ ಬದ್ಧರೇ? ವ್ಯಾಪಾರಿಯನ್ನು ಬಿಡಿಸಲು ದಾರಿಯೇನು?

ಉತ್ತರ: ನೀವು ಕಳುಹಿಸಿದ ಪ್ರತಿಯ ಕೊನೆಯ ಪುಟದಲ್ಲಿ ಮಾವನವರ ಸಹಿಯ ಕೆಳಗೆ ‘ಕುಟುಂಬದ ಪರವಾಗಿ’ ಎಂದು ಬರೆದಿದೆ. ಆದರೆ ಯಾವ ಪವರ್ ಆಫ್ ಅಟಾರ್ನಿಯ ಬಲದಿಂದ, ಯಾರು ಯಾರ ಪರವಾಗಿ ಎಂಬುದು ಕರಾರಿನಲ್ಲಿ ಎಲ್ಲಿಯೂ ಇಲ್ಲ. ಹಿಂದಿನ ಕಾಲದ ಯಜಮಾನನಿಗಿದ್ದ ಅಧಿಕಾರವೇ ಸಾಕೆಂದು ಅವರು ಭಾವಿಸಿರಬಹುದು, ನಮ್ಮೂರಿನ ಎಷ್ಟೋ ಮನೆಗಳಲ್ಲಿ ಇಂದಿಗೂ ಹಾಗೆಯೇ ನಂಬಿದ್ದಾರೆ. ಆದರೆ ಕೇರಳದಲ್ಲಿ 1975ರ ಹಿಂದೂ ಅವಿಭಕ್ತ ಕುಟುಂಬ ಪದ್ಧತಿ ರದ್ದತಿ ಕಾಯ್ದೆ 1976ರ ಡಿಸೆಂಬರ್ 1ರಿಂದ ಜಾರಿಗೆ ಬಂದಿದ್ದು, ಅಂದು ಅವಿಭಕ್ತವಾಗಿದ್ದ ಅಳಿಯಸಂತಾನ ಕುಟುಂಬದ ಆಸ್ತಿಯು ಆ ದಿನ ಬದುಕಿದ್ದ ಸದಸ್ಯರ ನಡುವೆ ತಲಾವಾರು ಹಂಚಿಕೆಯಾದಂತೆಯೇ ಎಂದು ಆ ಕಾಯ್ದೆ ಪರಿಗಣಿಸುತ್ತದೆ. ಪಾಲುಪತ್ರ ಬರೆಯದಿದ್ದರೂ ಪ್ರತಿಯೊಬ್ಬರೂ ತಮ್ಮ ತಮ್ಮ ಪಾಲಿಗೆ ಮಾಲೀಕರೇ. ಆದ್ದರಿಂದ ನಿಮ್ಮ ಮತ್ತು ಚಿಕ್ಕಮ್ಮನವರ ಒಪ್ಪಿಗೆಯಿಲ್ಲದೆ ಮಾವ ಬರೆದುಕೊಟ್ಟ ಕರಾರು ನಿಮ್ಮ ಪಾಲುಗಳನ್ನು ಕಟ್ಟಿಹಾಕದು, ಬಾಡಿಗೆಯಲ್ಲಿ ನಿಮ್ಮ ಪಾಲನ್ನು ಕೇಳುವ ಹಕ್ಕೂ ನಿಮಗಿದೆ.

ಐದು ವರ್ಷದ ಮಾತಿಗೆ ಇನ್ನೊಂದು ಕೊರತೆಯಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 107ನೇ ಕಲಂ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗೇಣಿಯನ್ನು ನೋಂದಾಯಿತ ಪತ್ರದ ಮೂಲಕವೇ ಮಾಡಬೇಕು. ನೋಂದಣಿಯಾಗದ ಈ ಕಾಗದವನ್ನು ತೋರಿಸಿ ವ್ಯಾಪಾರಿ ಐದು ವರ್ಷದ ಅವಧಿಯನ್ನು ಸಾಧಿಸಲಾರರು. ಅವರು ತಿಂಗಳ ಬಾಡಿಗೆದಾರರೆಂದೇ ನಿಲ್ಲುತ್ತಾರೆ. ಹಾಗೆಂದು ಹದಿನೈದು ದಿನದ ನೋಟಿಸು ಕೊಟ್ಟು ಬಿಡಿಸಬಹುದೆಂದು ಭಾವಿಸಬೇಡಿ, ಏಕೆಂದರೆ ಪೇಟೆಯ ಕಟ್ಟಡಕ್ಕೆ 1965ರ ಕೇರಳ ಕಟ್ಟಡಗಳ ಗೇಣಿ ಮತ್ತು ಬಾಡಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ ಮತ್ತು ಅದರ 11ನೇ ಕಲಮಿನಲ್ಲಿ ಹೇಳಿದ ಕಾರಣಗಳಲ್ಲಿ ಒಂದನ್ನು ಬಾಡಿಗೆ ನಿಯಂತ್ರಣ ನ್ಯಾಯಾಲಯದ ಮುಂದೆ ರುಜುವಾತು ಮಾಡಲೇಬೇಕು.

ಅಂಥ ಕಾರಣಗಳಲ್ಲಿ ಒಳಬಾಡಿಗೆಯೂ ಒಂದು. ಕರಾರಿನಲ್ಲಿ ಹಕ್ಕು ಕೊಡದಿರುವಾಗ ಮಾಲೀಕರ ಒಪ್ಪಿಗೆಯಿಲ್ಲದೆ ಕಟ್ಟಡವನ್ನೋ ಅದರ ಭಾಗವನ್ನೋ ಒಳಬಾಡಿಗೆಗೆ ಕೊಟ್ಟರೆ, ಮಾಲೀಕರು ಮೊದಲು ರಿಜಿಸ್ಟರ್ಡ್ ನೋಟಿಸು ಕಳುಹಿಸಬೇಕು. ಅದು ಕೈಸೇರಿದ ಮೂವತ್ತು ದಿನಗಳೊಳಗೆ ಬಾಡಿಗೆದಾರ ಒಳಬಾಡಿಗೆಯನ್ನು ಕೊನೆಗೊಳಿಸದಿದ್ದರೆ ಮಾತ್ರ ಈ ಕಾರಣದ ಮೇಲೆ ಅರ್ಜಿ ನಿಲ್ಲುತ್ತದೆ. ಇಲ್ಲಿ ಒಂದು ವಿಷಯವನ್ನು ಮಾವನವರಲ್ಲಿ ನೇರವಾಗಿ ಕೇಳಿ ತಿಳಿಯಿರಿ: ವ್ಯಾಪಾರಿ ಬಂದು ಕೇಳಿದಾಗ ಅವರು ಬಾಯಿಮಾತಿನಲ್ಲಿ ‘ಆಗಲಿ’ ಎಂದಿದ್ದರೇ? ಒಪ್ಪಿಗೆ ಬರವಣಿಗೆಯಲ್ಲೇ ಇರಬೇಕೆಂದು ಆ ಕಲಂ ಹೇಳುವುದಿಲ್ಲ. ಕರಾರಿನಲ್ಲೂ ‘ಲಿಖಿತ ಒಪ್ಪಿಗೆ’ ಎಂಬ ಷರತ್ತಿಲ್ಲದಿರುವುದರಿಂದ ಆ ಒಂದು ಮಾತು ನಿಮ್ಮ ಅರ್ಜಿಯನ್ನೇ ಕೆಡಿಸೀತು.

ಮಾವನ ಮೇಲೆ ಮೊದಲೇ ದಾವೆ ಹೂಡಿರೆಂದು ನಾನು ಸಲಹೆ ಕೊಡಲಾರೆ. ಬಾಡಿಗೆಯ ಹಣ ಪಡೆಯುವವರನ್ನು ಬಾಡಿಗೆ ನಿಯಂತ್ರಣ ಕಾಯ್ದೆ ಮಾಲೀಕರೆಂದೇ ಗಣಿಸುವುದರಿಂದ ನೋಟಿಸು ಮಾವನ ಕೈಯಿಂದ ಹೋಗುವುದು ಲೇಸು, ಮನೆಯೊಳಗೆ ಒಡಕಿದ್ದರೆ ಅದರ ಲಾಭ ಬಾಡಿಗೆದಾರರಿಗೆ. ಎಲ್ಲ ಪಾಲುದಾರರೂ ಕೂತು, ಬಾಡಿಗೆಯ ಹಂಚಿಕೆ ಮತ್ತು ಮುಂದಿನ ಕ್ರಮದ ಬಗ್ಗೆ ಒಂದು ಕಾಗದಕ್ಕೆ ಸಹಿ ಹಾಕಿ ಮುಂದುವರಿಯಿರಿ. ಮಾವ ಒಪ್ಪದೇ ಹೋದರೆ ಪಾಲು ವಿಭಾಗದ ದಾವೆ ಇದ್ದೇ ಇದೆ. ಸಿಟ್ಟಿನಲ್ಲಿ ಅಂಗಡಿಯ ಬೀಗ ಮಾತ್ರ ಬದಲಾಯಿಸಬೇಡಿ, ಕಾನೂನಿನ ಕ್ರಮವಿಲ್ಲದೆ ಹೊರಹಾಕಲ್ಪಟ್ಟವರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು.

ಪ್ರಶ್ನೆ: ನಾನು ಬದಿಯಡ್ಕದಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಮಲಯಾಳ ಮಾತು ಅರ್ಥವಾಗುತ್ತದೆ, ಓದಲು ಬಾರದು. ಕರಾರು ಮಲಯಾಳದಲ್ಲಿದೆ. ಬಿಡುವ ಮೊದಲು ಒಂದು ತಿಂಗಳು ಮುಂಚೆ ತಿಳಿಸಿದರೆ ಸಾಕೆಂದು ಹೇಳಿ ಸಹಿ ಹಾಕಿಸಿದ್ದರು. ಹನ್ನೊಂದು ತಿಂಗಳಾಗುವ ಮೊದಲು ಬಿಟ್ಟರೆ ಅಡ್ವಾನ್ಸ್ ಪೂರ್ತಿ ಮುಟ್ಟುಗೋಲು ಎಂದು ಅದರಲ್ಲಿದೆಯಂತೆ. ನಾನು ಬದ್ಧನೇ?

ಉತ್ತರ: ಸಹಿ ಹಾಕಿದವರು ಬರಹಕ್ಕೆ ಬದ್ಧರು ಎಂಬಲ್ಲಿಂದಲೇ ನ್ಯಾಯಾಲಯ ಆರಂಭಿಸುತ್ತದೆ. ಆದರೆ 1872ರ ಕರಾರು ಕಾಯ್ದೆಯ 13ನೇ ಕಲಂ ಪ್ರಕಾರ ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗಲಷ್ಟೇ ಅದು ಸಮ್ಮತಿ. ತಪ್ಪಾಗಿ ಓದಿ ಹೇಳಿ ಪಡೆದ ಸಮ್ಮತಿ ಮುಕ್ತ ಸಮ್ಮತಿಯಲ್ಲ. ಅಂಥ ಕರಾರನ್ನು ನೀವು ರದ್ದುಪಡಿಸಬಹುದು, ಆದರೆ ತಪ್ಪಾಗಿ ಹೇಳಿದರೆಂಬುದನ್ನು ರುಜುವಾತು ಮಾಡುವ ಹೊಣೆ ನಿಮ್ಮದು. ಸಹಿಯ ಹೊತ್ತಿಗೆ ಜೊತೆಗಿದ್ದವರು ಯಾರು, ವಾಟ್ಸಾಪ್‌ನಲ್ಲಿ ‘ಒಂದು ತಿಂಗಳು’ ಎಂಬ ಮಾತು ಎಲ್ಲಾದರೂ ಬಂದಿದೆಯೇ ಎಂದು ಹುಡುಕಿ. ಮುಟ್ಟುಗೋಲಿನ ಷರತ್ತು ನಿಜವಾಗಿಯೂ ಇದ್ದರೂ, 74ನೇ ಕಲಂ ಪ್ರಕಾರ ಅದರಲ್ಲಿ ಹೇಳಿದ ಮೊತ್ತವನ್ನು ಮೀರದ ನ್ಯಾಯಯುತ ಪರಿಹಾರವಷ್ಟೇ ಅವರಿಗೆ ಸಲ್ಲುತ್ತದೆ. ಅಡ್ವಾನ್ಸ್ ಪೂರ್ತಿ ತಾನಾಗಿಯೇ ಅವರದಾಗುವುದಿಲ್ಲ.

ಮುಂದಿನ ಬಾರಿ ಕನ್ನಡದಲ್ಲೇ ಬರೆಯಿಸಿ ಎಂದು ಕೇಳಲು ಸಂಕೋಚ ಬೇಡ. ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಭಾಷೆಯ ಪತ್ರವನ್ನು ಭಾಷೆಯ ಕಾರಣಕ್ಕೆ ಸಬ್‌ರಿಜಿಸ್ಟ್ರಾರರು ನಿರಾಕರಿಸುವಂತಿಲ್ಲ. ಕಾಸರಗೋಡಿನಲ್ಲಿ ಕನ್ನಡ ಅಂಥ ಭಾಷೆ. ಮಾಲೀಕರಿಗೆ ಮಲಯಾಳವೇ ಬೇಕಿದ್ದರೆ ಎರಡೂ ಭಾಷೆಗಳಲ್ಲಿ ಬರೆದು, ಎರಡಕ್ಕೂ ಇಬ್ಬರೂ ಸಹಿ ಹಾಕಿ, ವ್ಯತ್ಯಾಸ ಬಂದರೆ ಯಾವುದು ಅಂತಿಮ ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿ.

ಪ್ರಶ್ನೆ: ಮನೆ ಮಂಜೇಶ್ವರದಲ್ಲಿದೆ, ನಾನಿರುವುದು ಮಂಗಳೂರಿನಲ್ಲಿ. ಅಲ್ಲಿಯ ಇ-ಸ್ಟಾಂಪ್‌ನಲ್ಲೇ ಬಾಡಿಗೆ ಕರಾರು ಮಾಡಬಹುದೇ?

ಉತ್ತರ: ಬೇಡ. ಕಟ್ಟಡ ಕೇರಳದಲ್ಲಿರುವುದರಿಂದ ಕೇರಳದ ಮುದ್ರಾಂಕ ಶುಲ್ಕವನ್ನೇ ಕಟ್ಟಬೇಕು. ಶುಲ್ಕ ಕಡಿಮೆಯಾದ ಪತ್ರವನ್ನು ದಂಡ ಸಮೇತ ಬಾಕಿ ತೆರುವವರೆಗೆ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಕರ್ನಾಟಕದ ಬಾಡಿಗೆ ಕಾಯ್ದೆಯೂ ಗಡಿಯ ತಲಪಾಡಿಯಿಂದ ಈಚೆ ಅನ್ವಯವಾಗದು. ಅವಧಿ ಒಂದು ವರ್ಷಕ್ಕೆ ಮೀರಿದ್ದರೆ ಸಹಿಯಾದ ನಾಲ್ಕು ತಿಂಗಳೊಳಗೆ, ಆ ಮನೆ ಯಾರ ವ್ಯಾಪ್ತಿಗೆ ಬರುತ್ತದೋ ಆ ಸಬ್‌ರಿಜಿಸ್ಟ್ರಾರರ ಕಚೇರಿಯಲ್ಲಿ ನೋಂದಣಿ ಮಾಡಿಸಿ.